ಕಿರಾಲ್‌ಬೋಗಿಯ ಬೇಲಿಕಂಬ

ಹೆಂಡತಿಯ ತರವಾಡು ಮನೆಯಲ್ಲಿ, ಅಂದರೆ ಅವಳ ತಾಯಿ ಕಡೆಯ ಮೂಲಮನೆಯಲ್ಲಿ, ನನ್ನ ಮರ್ಯಾದೆಗೆ ಎಂದೂ ಕೊರತೆಯಾದದ್ದಿಲ್ಲ. ಕೂಳೂರು ಸೇತುವೆ ದಾಟಿ ಆ ಅಂಗಳಕ್ಕೆ ಕಾಲಿಟ್ಟರೆ ಕುಡಿಯಲು ಬೊಂಡ ಬರುತ್ತದೆ, ಅಂಜಲ್ ಮೀನಿನ ದೊಡ್ಡ ತುಂಡು ಬರುತ್ತದೆ. ಬಾರದಿರುವುದು ‘ನೀವು ಎಂತ ಹೇಳ್ತೀರಿ?’ ಎಂಬ ಪ್ರಶ್ನೆಯೊಂದೇ. ಅಳಿಯಕಟ್ಟಿನ ಮನೆ, ಆಸ್ತಿ ಹೆಣ್ಣುಮಕ್ಕಳದು, ಮಾತು ಅವರ ಸೋದರಮಾವನದು. ಗಂಡನೆಂಬ ಪ್ರಾಣಿಗೆ ಊಟ ಮಾತ್ರ. (ಊಟ ಚೆನ್ನಾಗಿರುತ್ತದೆ, ಸುಳ್ಳು ಹೇಳಬಾರದು.)

ಅಂಥಲ್ಲಿ ನನ್ನ ಹೆಂಡತಿ ಗುಣವತಿಯ ಸೋದರಮಾವ ಒಂದು ದಿನ ಕೇಳಿಯೇ ಬಿಟ್ಟರು.

“ಮೋಹನದಾಸರೇ, ಇಲ್ಲಿ ಗುಣವತಿಯ ಪಾಲಿನ ತರಕಾರಿ ತೋಟಕ್ಕೆ ಬೇಲಿ ಆಗ್ಬೇಕು. ಆಚೆಮನೆ ಇಸಿದೋರನ ದನಗಳು ಅಲಸಂಡೆ ಒಂದೂ ಬಿಡುದಿಲ್ಲ. ಕಂಬಕ್ಕೆ ಯಾವ ಮರ ಆಗ್ಬಹುದು, ನೀವೇ ನೋಡಿ.”

ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿ ನನ್ನನ್ನು ಕೇಳಿದ್ದರು. ನಿಜವಾಗಿಯೂ ನನ್ನ ಕಣ್ಣು ತುಂಬಿತು.

ಪಡೀಲಿನ ನಮ್ಮ ಮನೆಗೆ ಮರಳುವಾಗ ಗುಣವತಿ ಹೇಳಿದಳು, “ಅಕೇಶಿಯಾ ತನ್ನಿ, ಸಾಕು.”

“ಮಣ್ಣಲ್ಲಿ ಅದು ಎಷ್ಟು ಸಮಯ ಬರ್ತದೆ? ನಾಳೆ ನಿನ್ನ ಮನೆಯವರು ನನಗೆ ಎಂತ ಹೇಳ್ಲಿಕ್ಕಿಲ್ಲ?”

“ದನ ಬರದಿದ್ರೆ ಆಯ್ತು. ಬೇಲಿಗೆ ಎಂತ ಮದುವೆ ಉಂಟಾ?”

ಹೆಂಗಸರಿಗೆ ದೂರದೃಷ್ಟಿ ಕಡಿಮೆ ಎಂದು ಸುಮ್ಮನಾದೆ. ಅಂದಿನಿಂದ ನನ್ನ ಮಹಾ ಕಾಷ್ಠಾನ್ವೇಷಣೆ ಆರಂಭವಾಯಿತು. ಮರದ ಮಿಲ್ಲಿನಿಂದ ಮಿಲ್ಲಿಗೆ ಅಲೆದು ಮರಗಳನ್ನು ತಟ್ಟಿದೆ, ಮೂಸಿದೆ, ಉಗುರಿನಿಂದ ಕೆರೆದೆ. ಕೊನೆಗೆ ನವಾಝರ ಮಿಲ್ಲಿನಲ್ಲಿ, ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ಕಿರಾಲ್‌ಬೋಗಿಯ ಕಂಬಗಳನ್ನು ಕಂಡೆ. ಗೆದ್ದಲಿಗೂ ನೀರಿಗೂ ಜಗ್ಗದ ಮರ. ಮೊಳೆ ಹೊಡೆದರೆ ಮೊಳೆಯೇ ಬಾಗಿತು.

“ನಾವು ಹೋಗ್ತೇವೆ ಸಾರ್, ಇದು ಹೋಗುದಿಲ್ಲ,” ಎಂದರು ನವಾಝ್. ನಾನು ಭಕ್ತಿಯಿಂದ ತಲೆಯಾಡಿಸಿದೆ.

ಟೆಂಪೋ ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿ ತಡವಾಗಿ ತಲುಪಿತು. ಮನೆಯವರೆಲ್ಲ ಅಂಗಳಕ್ಕೆ ಬಂದರು. ಮಾವ ಒಂದು ಕಂಬವನ್ನು ತಟ್ಟಿ ನೋಡಿದರು.

“ಇಂಥ ಮರವನ್ನು ಮಣ್ಣಿಗೆ ಹಾಕುದಾ? ಪಾಪ ಬರ್ತದೆ ಮಾರಾಯ್ರೆ. ದೈವದ ಚಾವಡಿಯ ಕಂಬ ಹಾಳಾಗಿದೆ, ಅಲ್ಲಿಗೆ ಇರ್ಲಿ.”

ದೈವಕ್ಕೆ ಬೇಡವೆನ್ನಲು ನಾನು ಯಾರು? ಮಾವ ಬೇಕಾದಷ್ಟು ಎತ್ತಿಸಿದರು. ಗುಣವತಿಯ ತಮ್ಮ ಪೃಥ್ವಿರಾಜ್, “ಭಾವ, ನಿಮ್ಮ ಸೆಲೆಕ್ಷನ್ ಅಂದ್ರೆ ಸೆಲೆಕ್ಷನ್!” ಎಂದು ಕಾರ್ ಶೆಡ್ಡಿಗೆ ಕೆಲವನ್ನು ಬೇರೆಯಿಟ್ಟ. ಅತ್ತೆಯವರಿಗೆ ದನದ ಹಟ್ಟಿಯ ನೆನಪಾಯಿತು. ನಾದಿನಿ ಸಂಚಿತಾಳಿಗೆ ಉಯ್ಯಾಲೆಯ ಆಸೆ ಹುಟ್ಟಿತು. ಎಲ್ಲರೂ ನನ್ನನ್ನು ಹೊಗಳುತ್ತಲೇ ಎತ್ತಿಕೊಂಡು ಹೋದರು. ಹೊಗಳುವವರ ಕೈಯಿಂದ ಕಂಬ ಕಸಿಯುವುದು ಹೇಗೆ? ಸಂಜೆಯಾಗುವಾಗ ಅಂಗಳ ಖಾಲಿ.

“ಬೇಲಿ?” ಎಂದಳು ಗುಣವತಿ.

ನಾನು ತೋಟದ ಕಡೆ ನೋಡಿದೆ. ಇಸಿದೋರನ ದನಗಳು ಬೆಂಡೆಗಿಡಕ್ಕೆ ಕೈಹಾಕುವುದರಲ್ಲಿದ್ದವು. (ದನಗಳಿಗೆ ಕೈಯಿಲ್ಲ, ಗೊತ್ತು. ಆಗ ನನ್ನ ಮನಸ್ಥಿತಿ ಹಾಗಿತ್ತು.) ಯಾರೋ ನನ್ನ ಕೈಗೆ ಒಂದು ಕೋಲು ಕೊಟ್ಟರು. ನಿವೃತ್ತನಾದ ನನಗೆ ಬೇರೆ ಕೆಲಸವಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ಅಂದಿನಿಂದ ಬೆಳಿಗ್ಗೆ ಪಡೀಲಿನಿಂದ ಬಸ್ಸು ಹಿಡಿದು ಬಂದು, ತೋಟದ ಅಂಚಿನಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದೇನೆ. ನಿನ್ನೆ ಇಸಿದೋರ್ ಆ ಕಡೆಯಿಂದ ಕೂಗಿ ಕೇಳಿದ, “ಬೇಲಿ ಹಾಕ್ತೇವೆ ಹೇಳಿದ್ದಿರಲ್ಲ, ಎಂತ ಆಯ್ತು?”

ಮಾವ ನನ್ನತ್ತ ತೋರಿಸಿ ಗಂಭೀರವಾಗಿ ಹೇಳಿದರು: “ಹಾಕಿ ಆಯ್ತಲ್ಲ. ಮೋಹನದಾಸರನ್ನು ನಿಲ್ಲಿಸಿದ್ದೇವೆ. ಅವರನ್ನಾದ್ರೆ ಬೇರೆ ಕೆಲಸಕ್ಕೆ ಬೇಕು ಅಂತ ಯಾರೂ ಕೇಳುದಿಲ್ಲ.”