ಮಾತು ಬಿಟ್ಟವರ ಮನೆಯ ಹೂವು

ನಮ್ಮ ಇಗರ್ಜಿಯಲ್ಲಿ ಅತಿ ಹೆಚ್ಚು ಜಗಳ ತಂದಿಟ್ಟವರು ಯಾರೆಂದು ಕೇಳಿದರೆ ಎಲ್ಲರ ಬೆರಳೂ ನನ್ನ ಮಾವ್ಶಿಯ ಕಡೆಗೇ! ಮಾವ್ಶಿ ಅಂದರೆ ನನ್ನ ಅಮ್ಮನ ತಂಗಿ. ಕಾಟಿಪಳ್ಳದಲ್ಲಿ ವಾಸ, ಭಾನುವಾರ ಚರ್ಚಿನ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಕೆಲಸ. ದಯೆ ಕಲಿಸುವವಳಿಂದ ಜಗಳ ಹೇಗೆ ಹುಟ್ಟುತ್ತದೆ ಅನ್ನುತ್ತೀರಾ? ಅದೇ ಅವಳ ಹೆಚ್ಚುಗಾರಿಕೆ! ಊರಿಗೆಲ್ಲ ಪ್ರೀತಿ ಬೋಧಿಸುವ ಇವಳು ಅದೇ ಇಗರ್ಜಿಗೆ ಬರುವ ಸ್ವಂತ ಅಕ್ಕ, ಅಂದರೆ ನನ್ನ ಅಮ್ಮನ ಹತ್ತಿರ ಮಾತ್ರ ಹನ್ನೊಂದು ವರ್ಷ ಮಾತಾಡಿರಲಿಲ್ಲ. ನನ್ನ ಮದುವೆಯ ಊಟಕ್ಕೆ ಶೇಂದಿ ಹಾಕಿ ಮಾಡಿದ ಸನ್ನ ಎಂಬ ಅಕ್ಕಿಯ ಇಡ್ಲಿ ಉಬ್ಬದೆ ಕಲ್ಲಾದದ್ದು ಯಾರ ಕೈಗುಣದಿಂದ ಎಂಬುದೇ ತಕರಾರು. ಇಬ್ಬರ ನಡುವೆ ಸಿಕ್ಕಿ ಒದ್ದಾಡಿದವಳು ನಾನು. ಆದರೂ ಕೇಳಿ, ಯಾರು ಏನೇ ಅನ್ನಲಿ, ನಾನು ಮಾವ್ಶಿಯ ಪರ!

ಅವಳ ಕ್ಲಾಸಿನಲ್ಲಿ ಹತ್ತು ಆಜ್ಞೆಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ ಹುಡುಗಿಯೊಬ್ಬಳು ಫೇಲಾದಳು. ಯಾಕೆ? ಬಸ್ಸಿನಲ್ಲಿ ಅಜ್ಜಿಯೊಬ್ಬರು ನಿಂತಿದ್ದರೂ ಸೀಟು ಬಿಡದೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳಂತೆ. ಹಿಂದಿನ ಸೀಟಿನಲ್ಲಿದ್ದದ್ದು ಮಾವ್ಶಿ! ಹುಡುಗಿಯ ತಾಯಿ ಸೆರಗು ಬಿಗಿದು ಜಗಳಕ್ಕೆ ಹೋದಳು.

"ಬಾಯಿಪಾಠ ಗಿಳಿಯೂ ಮಾಡ್ತದೆ ಮಾರಾಯ್ತಿ. ಗಿಳಿಗೆ ಎಂತ ಪರಮಪ್ರಸಾದ ಕೊಡ್ಲಿಕ್ಕುಂಟಾ?" ಎಂದಳು ಮಾವ್ಶಿ.

ಆ ತಾಯಿ ನಾನೇ. ಬಾಲ ಮುದುರಿಕೊಂಡು ವಾಪಸು ಬಂದೆ.

ಕಳೆದ ವರ್ಷವಂತೂ ವಿಪರೀತಕ್ಕೆ ಹೋಯಿತು. ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮಾತೆಗೆ ಅರ್ಪಿಸುತ್ತಾರೆ. ಮಾವ್ಶಿ ಹೊಸ ಕಾನೂನು ತಂದಳು.

"ನಿಮ್ಮ ಮನೆಯ ಹೂ ಬೇಡ. ನಿಮ್ಮ ಮನೆಯವರು ಯಾರ ಹತ್ರ ಮಾತು ಬಿಟ್ಟಿದ್ದಾರೋ ಅಲ್ಲಿಗೆ ಹೋಗಿ, ಕೇಳಿ ತರ್ಬೇಕು. ಕಾಣಿಕೆ ತರುವ ಮೊದಲು ರಾಜಿ ಮಾಡ್ಕೊಂಡು ಬಾ ಅಂತ ಯೇಸು ಹೇಳಿದ್ದು ಗೋಡೆಗಾ?"

ಅಯ್ಯೋ ದೇವರೇ! ಹಲಸಿನ ಕೊಂಬೆಯ ವಿಷಯಕ್ಕೆ ಮೂರು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದವರೊಬ್ಬರ ಮಗಳು ಎದುರು ಪಕ್ಷದ ಶೆಟ್ಟರ ಅಂಗಳಕ್ಕೇ ಹೋಗಿ ನಿಂತಳು. ಶೆಟ್ಟರು ಬುಟ್ಟಿ ತುಂಬ ದಾಸವಾಳ ಕೊಟ್ಟು, "ನಿನ್ನ ಅಪ್ಪನಿಗೆ ಬರ್ಲಿಕ್ಕೆ ಹೇಳು ಮಗಾ, ಕೊಂಬೆ ಕಡಿಯುವಾ" ಎಂದರಂತೆ. ಅಪ್ಪನಿಗೆ ಎಂಥಾ ಅವಮಾನ! ಇಷ್ಟು ಸುಲಭದಲ್ಲಿ ಮುಗಿಯುವುದಿದ್ದರೆ ವಕೀಲರು ಯಾಕೆ ಬೇಕಿತ್ತು ಎಂದು ಹೆಂಡತಿ ಕೇಳಿಬಿಟ್ಟಳಲ್ಲ!

ಹೆತ್ತವರೆಲ್ಲ ಸೇರಿ ಫಾದರ್ ಹತ್ತಿರ ದೂರು ಕೊಟ್ಟರು. ಮನೆಯ ಗುಟ್ಟೆಲ್ಲ ಬೀದಿಗೆ ಬಂತು, ಇವರನ್ನು ತೆಗೆದುಹಾಕಿ ಎಂದು.

"ತೆಗೀಲಿ ಬೇಕಾದ್ರೆ. ಕಾನೂನು ಬದಲಾಗುದಿಲ್ಲ!" ಎಂದಳು ಮಾವ್ಶಿ.

ಆಗ ಕ್ಲಾಸಿನಲ್ಲಿ ಎದ್ದು ನಿಂತದ್ದು ನನ್ನ ಮಗಳು. "ಟೀಚರ್, ನೀವು ನನ್ನ ಅಜ್ಜಿಯ ಹತ್ರ ಮಾತು ಬಿಟ್ಟಿದ್ದೀರಲ್ಲ. ನಿಮ್ಮ ಬುಟ್ಟಿಯ ಹೂ ಎಲ್ಲಿಂದ?"

ಫಾದರಿಗೂ ಹೆದರದ ಮಾವ್ಶಿ ತಲೆ ತಗ್ಗಿಸಿದಳಂತೆ. ಮನೆಗೆ ಬಂದ ಮಗಳು ಅದನ್ನು ಹೇಳಿದಾಗ ನನಗೆ ನಗು ಬರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಸುರತ್ಕಲ್ಲಿನ ತವರಿನಲ್ಲಿದ್ದೆ. ಗೇಟಿನ ಹೊರಗೆ ಖಾಲಿ ಬುಟ್ಟಿ ಹಿಡಿದು ನಿಂತವಳು ಮಾವ್ಶಿ!

"ಅಕ್ಕಾ, ಮಕ್ಕಳು ಕೇಳಿದ್ರು. ನನ್ನ ಬುಟ್ಟಿಯ ಹೂ ಎಲ್ಲಿಂದ ಅಂತ. ಸ್ವಲ್ಪ ಹೂ ಉಂಟಾ?"

ಈ ಹಟಮಾರಿ ಅಮ್ಮ ಎಲ್ಲಿ ಬಾಗಿಲು ಹಾಕಿಬಿಡುತ್ತಾಳೋ ಅಂದುಕೊಂಡೆ! ಅಮ್ಮ ಅಂಗಳಕ್ಕೆ ಇಳಿದು ಅಬ್ಬಲಿಗೆ, ಕಣಗಿಲೆ, ನಂದಿಬಟ್ಟಲು ಎಲ್ಲವನ್ನೂ ಕೊಯ್ದಳು. ಗಿಡದಲ್ಲಿ ಒಂದು ಮೊಗ್ಗೂ ಉಳಿಯಲಿಲ್ಲ. ಬುಟ್ಟಿ ತುಂಬಿದ ಮೇಲೆ ತಂಗಿಯ ತೋಳು ಹಿಡಿದುಕೊಂಡಳು.

"ಈ ಕಾಲಿನಲ್ಲಿ ಬಸ್ಸು ಹತ್ತಿ ಎಂತಕ್ಕೆ ಬಂದದ್ದು? ಪೂಜೆಯಲ್ಲಿ ಮೊಣಕಾಲೂರ್ಲಿಕ್ಕೆ ನೀನು ಕಷ್ಟಪಡುದನ್ನು ನಾನು ಹಿಂದಿನ ಬೆಂಚಿನಿಂದ ಪ್ರತಿ ಭಾನುವಾರ ನೋಡ್ತೇನಲ್ಲ."