ಗುಂಯ್‌ಗುಡುವ ಚಕ್ರ

ಆ ದಿನದ ರಂಪಕ್ಕೆಲ್ಲ ಮೂಲ ಒಂದು ಸದ್ದು. ಜೋರಾದದ್ದೇನೂ ಅಲ್ಲ. ಮೂರಂತಸ್ತಿನ ಮನೆಯ ತಾರಸಿಯ ಮೇಲೆ ಗಾಳಿಚಕ್ರ ತಿರುಗುವಾಗ, ದೂರದಲ್ಲೆಲ್ಲೋ ಜೇನುಹುಳು ತನ್ನ ಪಾಡಿಗೆ ತಾನು ಹಾಡಿಕೊಂಡ ಹಾಗೆ ಬರುತ್ತಿದ್ದ 'ಗುಂಯ್' ಎಂಬ ಸದ್ದು.

ಚಕ್ರದ ಒಡೆಯನನ್ನು ಬೀದಿಯವರೆಲ್ಲ 'ಗಾಳಿ ಸಾಹುಕಾರ' ಎನ್ನುತ್ತಿದ್ದರು. ಗಾಳಿಯ ಹೊರತು ಬೇರೆ ಆಸ್ತಿಯಿಲ್ಲ ಎಂಬುದು ಅದರ ಒಳಾರ್ಥ. ಹುಡುಗನಾಗಿದ್ದಾಗ ಅವನಿಗೊಂದು ಕನಸು ಬಿದ್ದಿತ್ತು. ಊರಿಗೆ ಊರೇ ಬೆಳಗುತ್ತಿದೆ, ಎಲ್ಲೂ ಹೊಗೆಯಿಲ್ಲ, ಕರೆಂಟ್ ಬಿಲ್ಲು ಹಿಡಿದು ಬಾಗಿಲು ತಟ್ಟುವವನೂ ಇಲ್ಲ. ಆ ಕನಸಿನಿಂದ ಅವನಿನ್ನೂ ಪೂರ್ತಿ ಎದ್ದಿರಲಿಲ್ಲ. ಮೊದಲು ಬಿಸಿಲೊಲೆ ಮಾಡಿ ಮಾರಲು ಹೊರಟ. ಬೆಳಗಿನ ಚಹಾಕ್ಕೆಂದು ಇಟ್ಟ ನೀರು ಸಂಜೆಯ ಚಹಾಕ್ಕೆ ಸರಿಯಾಗಿ ಕಾಯುತ್ತಿತ್ತು. ಆಮೇಲೆ ಬೀದಿಯ ಕಸದಿಂದ ಗ್ಯಾಸ್ ತೆಗೆಯುವ ತೊಟ್ಟಿ ಕಟ್ಟಿಸಿದ. ಗ್ಯಾಸಿಗಿಂತ ಮೊದಲು ವಾಸನೆ ಬಂತು, ವಾಸನೆಯ ಬೆನ್ನಿಗೇ ಮುನಿಸಿಪಾಲಿಟಿಯವರು ಬಂದರು. ಈಗ ಗಾಳಿಯಿಂದ ಕರೆಂಟು. ಚಕ್ರ ತಿರುಗಿದಾಗೆಲ್ಲ ಅವನಿಗೆ ಎಲ್ಲಿಲ್ಲದ ಹಿಗ್ಗು. ಕೈಗೆ ಸಿಕ್ಕವರನ್ನು ನಿಲ್ಲಿಸಿಕೊಂಡು ಅದರ ಮರ್ಮ ವಿವರಿಸುತ್ತಿದ್ದ. ಮನೆಯ ಒಲೆ ಮಾತ್ರ ಉರಿಯುತ್ತಿದ್ದದ್ದು ಕೆಳಗಿನ ಮಳಿಗೆಯಲ್ಲಿ ಹೆಂಡತಿ ತುಳಿಯುತ್ತಿದ್ದ ಹೊಲಿಗೆ ಯಂತ್ರದಿಂದ.

ಹಿಂದಿನ ವಾರ ಕೋಟಿನ ಅಳತೆ ಕೊಡಲು ಆ ಮಳಿಗೆಗೆ ಬಂದಿದ್ದ ಲಾಡ್ಜಿನ ಯಜಮಾನರೊಬ್ಬರು, ಹೋಗುವಾಗ, "ನಿಮ್ಮ ಚಕ್ರದ ವಿಷಯ ಮಾತಾಡ್ಬೇಕು, ಬರ್ತೀನಿ" ಎಂದಿದ್ದರು. ಊರ ನಾಲ್ಕೂ ದಿಕ್ಕಿಗೆ ಅವರ ಲಾಡ್ಜುಗಳಿದ್ದವು. ಇವತ್ತು ಸಂಜೆ ಬರುವವರಿದ್ದರು.

"ಇದೂ ಆಗ್ಲಿಲ್ಲ ಅಂದ್ರೆ ನಮ್ಮಣ್ಣನ ಕಬ್ಬಿಣದ ಅಂಗಡೀಲಿ ಹೋಗಿ ಕೂತ್ಕೋಬೇಕು. ಮಾತು ಕೊಟ್ಟಿದೀರಿ," ಎಂದಳು ಹೆಂಡತಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.

ಕಬ್ಬಿಣದಂಗಡಿಯನ್ನು ನೆನೆದರೇ ಸಾಹುಕಾರನಿಗೆ ಮೈಯೆಲ್ಲ ತುಕ್ಕು ಹಿಡಿದಂತಾಗುತ್ತಿತ್ತು.

ಅಷ್ಟರಲ್ಲಿ ನೆಲಮಹಡಿಯ ನಿವೃತ್ತ ಮೇಷ್ಟ್ರು ಬಂದರು. ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಗಡ್ಡದ ಮೇಲೆ ಒಣಗಿದ ನೊರೆ.

"ಸಾಹುಕಾರ್ರೇ, ನೀವು ಮೇಲಿಂದ ಬಗ್ಗಿ ಮಾತಾಡಿಸಿದ್ದಷ್ಟೇ ಜ್ಞಾಪಕ. ಆ ಗುಂಯ್ ಅನ್ನೋದು ಶುರುವಾಯ್ತು ನೋಡಿ, ಹಲ್ಲುಜ್ಜುತ್ತಾ ನಿಂತಲ್ಲೇ ನಿದ್ದೆ ಹೋದೆ. ಬಿಟ್ಟ ನಲ್ಲಿ ಬಿಟ್ಟ ಹಾಗೇ. ಟ್ಯಾಂಕು ಖಾಲಿ."

"ನಂದೂ ಅದೇ ಕತೆ," ಎಂದು ಹಿಂದೆಯೇ ಇಳಿದು ಬಂದರು ಎರಡನೇ ಮಹಡಿಯ ನರ್ಸಮ್ಮ. "ಮೊನ್ನೆ ನೀವು ಮಾತಿಗೆ ನಿಲ್ಲಿಸಿದ ಮೆಟ್ಟಿಲಲ್ಲೇ ಗೋಡೆಗೊರಗಿ ಮಲಗ್ಬಿಟ್ಟೆ. ಡ್ಯೂಟಿ ತಪ್ಪೋಯ್ತು. ಅಣ್ಣಾ, ಆ ಸದ್ದಲ್ಲಿ ಏನೋ ಇದೆ. ಆಸ್ಪತ್ರೇಲಿ ಚುಚ್ಚೋ ಮದ್ದು ಇದರ ಮುಂದೆ ಏನೂ ಅಲ್ಲ."

ಮೇಷ್ಟ್ರು ತೀರ್ಪು ಕೊಟ್ಟರು: "ಆ ಯಜಮಾನರು ಬಂದು ಇಲ್ಲೇ ಗೊರಕೆ ಹೊಡೆದ್ರೆ ನಿಮ್ಮ ವ್ಯಾಪಾರ ಆದ ಹಾಗೇ. ಮೊದಲು ಆ ಗುಂಯ್ ತೆಗೀರಿ."

ಸಾಹುಕಾರ ಇಬ್ಬರನ್ನೂ ತಾರಸಿಗೆ ಕರೆದೊಯ್ದ. ಅಲ್ಲಿಂದ ಚಿಕಿತ್ಸೆ ಶುರುವಾಯಿತು. ಮೇಷ್ಟ್ರು ಅಡುಗೆಮನೆಯಿಂದ ಎಣ್ಣೆ ತಂದು ಸುರಿದರು. ಚಕ್ರ ಎಣ್ಣೆ ಕುಡಿದು ಇನ್ನಷ್ಟು ಇಂಪಾಗಿ ಗುಂಯ್‌ಗುಟ್ಟಿತು. ನರ್ಸಮ್ಮ ಕಂಬಕ್ಕೆ ಬುಡದಿಂದ ಕುತ್ತಿಗೆಯವರೆಗೆ ಬ್ಯಾಂಡೇಜು ಸುತ್ತಿದರು. ಕಂಬ ಅಪಘಾತದಲ್ಲಿ ಕಾಲು ಮುರಿದುಕೊಂಡವನ ಹಾಗೆ ಕಂಡಿತೇ ಹೊರತು ಸದ್ದು ನಿಲ್ಲಲಿಲ್ಲ. ಕೊನೆಗೆ ಸಾಹುಕಾರನೇ ಪತ್ತೆ ಹಚ್ಚಿದ. ಗಾಳಿಗೆ ಎದುರಾಗಿ ಚಕ್ರವನ್ನು ತಿರುಗಿಸಿ ನಿಲ್ಲಿಸುವ ತಗಡಿನ ಬಾಲದ ತುದಿ ಸೀಳಿಹೋಗಿ, ಚಕ್ರ ತಿರುಗಿದಾಗೆಲ್ಲ ಅದುರುತ್ತಿತ್ತು. ಅಷ್ಟನ್ನು ಕತ್ತರಿಸಿದರೆ ಮುಗಿಯಿತು.

ಮೇಷ್ಟ್ರು ಏಣಿ ಹಿಡಿದರು. ಚಕ್ರ ತಿರುಗದಂತೆ ತಡೆಯುವ ಹಗ್ಗವನ್ನು ನರ್ಸಮ್ಮ ಎಳೆದು ಹಿಡಿದರು. ಚಕ್ರ ಗಪ್‌ಚಿಪ್ಪಾಗಿ ನಿಂತಿತು. ಸಾಹುಕಾರ ಗರಗಸ ಹಿಡಿದು ಮೇಲೇರಿದ.

ಅಷ್ಟೆತ್ತರದಲ್ಲಿ ಆಕಾಶ ಕೈಗೆಟುಕುವಂತಿತ್ತು. ಮೋಡಗಳು ತೊಳೆದು ಒಣಹಾಕಿದ ಹಾಸಿಗೆಯ ಹತ್ತಿಯಂತೆ ಹರಡಿಕೊಂಡಿದ್ದವು. ಅವನ ಮನಸ್ಸು ತೇಲತೊಡಗಿತು.

"ನೋಡಿ ಮೇಷ್ಟ್ರೇ, ಗಾಳಿ ಅಂದ್ರೆ ಬೇರೇನಲ್ಲ, ಬಿಸಿಲೇ. ಬಿಸಿಲಿಗೆ ನೆಲ ಕಾಯುತ್ತೆ. ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತೆ. ಆ ಜಾಗ ತುಂಬೋಕೆ ತಣ್ಣನೆ ಗಾಳಿ ಮೆಲ್ಲಗೆ ಹರಿದು ಬರುತ್ತೆ. ಅದು ಕಾಯುತ್ತೆ, ಅದೂ ಮೇಲೇರುತ್ತೆ, ಅದರ ಜಾಗಕ್ಕೆ ಮತ್ತೆ…"

ಹಗ್ಗ ಸಡಿಲವಾಯಿತು. ರೆಕ್ಕೆಗಳು ಸಾಹುಕಾರನ ತಲೆಗೂದಲನ್ನು ಬಾಚಿಕೊಂಡು ತಿರುಗಿದವು. ಸುತ್ತಲೂ ಗುಂಯ್ ತುಂಬಿತು. ಕಾಲ ಕೆಳಗಿನ ಏಣಿ ಜಾರಿ ನೆಲಕ್ಕೊರಗಿತು. ಅವನು ಹಲ್ಲಿಯಂತೆ ಕಂಬಕ್ಕೆ ಅಂಟಿಕೊಂಡು ಕೆಳಗೆ ನೋಡಿದ. ಮೇಷ್ಟ್ರು ಏಣಿಯ ಪಕ್ಕದಲ್ಲೇ ಮಗ್ಗುಲಾಗಿದ್ದರು. ನರ್ಸಮ್ಮ ಒಣಹಾಕಿದ ಸೀರೆಗಳ ನೆರಳಲ್ಲಿ ಗೋಡೆಗೊರಗಿದ್ದರು. ಒಂದು ಕೈಯಲ್ಲಿ ಕಂಬ ತಬ್ಬಿ, ಇನ್ನೊಂದರಲ್ಲಿ ಗರಗಸ ಎಳೆದ. ಸೀಳಿದ ತಗಡು ಕಳಚಿ, ತಾರಸಿಯ ಗೋಡೆಗೆ ಠಣ್ಣೆಂದು ಬಡಿದು, ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನ ಗಾಡಿಗೆ ಬಿತ್ತು. ಆಕಾಶವೇ ಕೊಟ್ಟದ್ದೆಂದು ಅವನು ತಲೆಯೆತ್ತಿಯೂ ನೋಡದೆ ಗಾಡಿ ನೂಕಿಕೊಂಡು ಹೋದ.

ಸದ್ದಿಗೆ ಇಬ್ಬರೂ ಎದ್ದರು.

"ನಾನೇನು ಮಲಗಿರ್ಲಿಲ್ಲ," ಎಂದರು ಮೇಷ್ಟ್ರು. "ಕಣ್ಣು ಮುಚ್ಚಿ ಏಣಿ ಹಿಡಿದಿದ್ದೆ."

"ಏಣಿ ಎಲ್ಲಿದೆ ಮೇಷ್ಟ್ರೇ?"

ಮೇಷ್ಟ್ರು ಸುತ್ತ ನೋಡಿದರು. "ಅದು ಮಲಗಿದೆ."

ಅಂತೂ ಸಾಹುಕಾರ ಕೆಳಗಿಳಿದ. ಚಕ್ರ ಈಗ ಬೆಕ್ಕಿನ ಹೆಜ್ಜೆಯಷ್ಟೂ ಸದ್ದಿಲ್ಲದೆ ತಿರುಗುತ್ತಿತ್ತು. ಅವನಿಗೆ ತನ್ನ ಬಾಲ್ಯದ ಕನಸೇ ತಾರಸಿಗೆ ಇಳಿದುಬಂದಂತಾಯಿತು.

ಸಂಜೆ ಯಜಮಾನರು ಬಂದರು. ಕಣ್ಣು ಕೆಂಡದಂತೆ ಕೆಂಪು, ಕಣ್ಣ ಕೆಳಗೆ ಕಪ್ಪು. ಮೂವರೂ ಅವರನ್ನು ಮದುಮಗನಂತೆ ತಾರಸಿಗೆ ಕರೆದೊಯ್ದರು. ಹೆಂಡತಿ ಹೊಲಿಗೆ ಬಿಟ್ಟು, ಮುಗಿಯದ ಕೋಟನ್ನು ತೋಳಿಗೆ ಹಾಕಿಕೊಂಡೇ ಹಿಂದೆ ಬಂದಳು. ಯಜಮಾನರು ಚಕ್ರ ನೋಡಿದರು, ಅದರಿಂದ ಉರಿಯುತ್ತಿದ್ದ ಬಲ್ಬು ನೋಡಿದರು, ಕಿವಿಗೆ ಕೈ ಹಿಡಿದು ಆಲಿಸಿದರು.

"ಸದ್ದೆಲ್ಲಿ?"

"ಒಂಚೂರೂ ಇಲ್ಲ ಸಾರ್. ತೆಗೆದುಬಿಟ್ಟೆ," ಎಂದ ಸಾಹುಕಾರ, ಹೆಮ್ಮೆಯಿಂದ.

ಯಜಮಾನರು ಕುಸಿದು ಕುರ್ಚಿಯಲ್ಲಿ ಕೂತರು. "ಏನ್ ಕೆಲಸ ಮಾಡಿದ್ರಿ ಮಾರಾಯ್ರೇ. ನೂರಾರು ಜನಕ್ಕೆ ಹಾಸಿಗೆ ಕೊಡೋನು ನಾನು, ನನಗೇ ನಿದ್ದೆ ಇಲ್ಲ. ಹೋದ ವಾರ ನಿಮ್ಮ ಮಳಿಗೆಯ ಬೆಂಚಿನ ಮೇಲೆ, ನೀವು ಚಕ್ರದ ವಿಷಯ ಹೇಳ್ತಿದ್ದಾಗ, ವರ್ಷಗಟ್ಟಲೆ ಕಾಣದ ನಿದ್ದೆ ಬಂತು. ಮೇಲಿಂದ ಆ ಗುಂಯ್ ಕೇಳ್ತಿತ್ತು. ನನ್ನ ಲಾಡ್ಜಿಗೊಂದೊಂದು ಚಕ್ರ ಹಾಕಿಸೋಣ ಅಂತ ಬಂದ್ರೆ…"

ಗಾಳಿಗೋಪುರ ಬೀಳುವಾಗ ಸದ್ದಾಗುವುದಿಲ್ಲ. ನರ್ಸಮ್ಮ ಮೇಷ್ಟ್ರನ್ನು ನೋಡಿದರು, ಮೇಷ್ಟ್ರು ಚಕ್ರವನ್ನು ನೋಡಿದರು. ಸಾಹುಕಾರನ ಕಣ್ಣಮುಂದೆ ಹೆಂಡತಿಯ ಅಣ್ಣನ ಕಬ್ಬಿಣದಂಗಡಿ ಬಾಗಿಲು ತೆರೆಯಿತು. ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಮಾತೊಂದೇ ಉಳಿದಿತ್ತು.

"ಸದ್ದು ಹೋದ್ರೆ ಹೋಗ್ಲಿ ಸಾರ್, ಕರೆಂಟ್ ನೋಡಿ. ಈ ರೆಕ್ಕೆಯ ಉದ್ದ ದುಪ್ಪಟ್ಟಾದ್ರೆ ಶಕ್ತಿ ದುಪ್ಪಟ್ಟಲ್ಲ, ಅದಕ್ಕೂ ಹೆಚ್ಚು. ಗಾಳಿ ಮೆಲ್ಲಗೆ ಬೀಸಿದಾಗ ಬ್ಯಾಟರಿ ಮೆಲ್ಲಗೆ ತುಂಬುತ್ತೆ. ತುಂಬಿದ್ದು ಹರಿಯುತ್ತೆ. ಹರಿದದ್ದು ಮತ್ತೆ…"

ಅವನು ಸುಸ್ತಾಗಿ ನೀರು ಕುಡಿಯಲು ನಿಲ್ಲಿಸಿದಾಗ ತಾರಸಿ ನಿಶ್ಶಬ್ದವಾಗಿತ್ತು. ಯಜಮಾನರ ಬಾಯಿ ತೆರೆದಿತ್ತು. ಮೇಷ್ಟ್ರು ಅವರ ಹೆಗಲಿಗೆ, ನರ್ಸಮ್ಮ ಮೇಷ್ಟ್ರ ಹೆಗಲಿಗೆ ಒರಗಿದ್ದರು. ಹೆಂಡತಿಯೊಬ್ಬಳೇ ಆಕಳಿಸುತ್ತಾ ನಿಂತಿದ್ದಳು.

ಮಾತು ನಿಂತದ್ದಕ್ಕೆ ಯಜಮಾನರು ಬೆಚ್ಚಿ ಎದ್ದರು. "ಯಾಕೆ ನಿಲ್ಲಿಸಿದ್ರಿ?" ಎಂದರು. ಆಮೇಲೆ ಸದ್ದಿಲ್ಲದ ಚಕ್ರವನ್ನೂ ಸಾಹುಕಾರನನ್ನೂ ಬಹಳ ಹೊತ್ತು ನೋಡಿದರು. "ಓಹೋ. ನನ್ನ ಮಲಗಿಸಿದ್ದು ಅದಲ್ಲ, ಈ ಮಾತು."

"ನರ್ಸಮ್ಮ ನಿದ್ದೆ ಬಂದು ಹಗ್ಗ ಬಿಟ್ಟಾಗ ಚಕ್ರ ಇನ್ನೂ ನಿಂತೇ ಇತ್ತಂತೆ, ಇವರ ಮಾತಷ್ಟೇ ನಡೀತಿತ್ತಂತೆ," ಎಂದಳು ಹೆಂಡತಿ. "ನಂಗೆ ಮದುವೆಯಾದ ವಾರಕ್ಕೇ ಗೊತ್ತಾಗಿತ್ತು. ಯಾಕೆ ನೋಯಿಸೋದು ಅಂತ ಹೇಳ್ಲಿಲ್ಲ."

"ರಾತ್ರಿ ಊಟ ಆದ್ಮೇಲೆ ನನ್ನ ಲಾಡ್ಜಿಗೆ ಬಂದು ಇದನ್ನೇ ಹೇಳಿ. ಕೋಣೆ ಕೋಣೆಗೂ ಕೇಳೋ ಹಾಗೆ ಸ್ಪೀಕರ್ ಹಾಕಿಸ್ತೀನಿ," ಎಂದರು ಯಜಮಾನರು.

"ಮತ್ತೆ ಚಕ್ರ, ಸಾರ್?"

"ಚಕ್ರ ಬೇಡ ಬಿಡಿ. ಅದು ಸುಮ್ನೆ ತಿರುಗುತ್ತೆ."

"ನಾಳೆಯಿಂದ್ಲೇ ಬರ್ತಾರೆ," ಎಂದಳು ಹೆಂಡತಿ.

ಉಳಿದವರೆಲ್ಲ ಇಳಿದುಹೋದ ಮೇಲೆ ಸಾಹುಕಾರ ಕಂಬದ ಬುಡದಲ್ಲಿ ಕೂತು ಹೆಂಡತಿಗೆ ಹೇಳಿದ. "ನಾನು ಲೋಕಾನ ಬೆಳಗೋಕೆ ಹೊರಟೋನು ಕಣೇ, ಮಲಗಿಸೋಕಲ್ಲ. ಈ ಗಾಳಿ ಅನ್ನೋದು ಎಂಥದ್ದು ಗೊತ್ತಾ?"

"ಹೇಳಿ, ಕೇಳ್ತೀನಿ," ಎಂದು ಅವಳು ಪಕ್ಕದಲ್ಲಿ ಕೂತಳು. ಪಾಪ, ನಿಜವಾಗಿಯೂ ಕೇಳಬೇಕೆಂದೇ ಕೂತಳು. ಅವನು ಬಿಸಿಲಿನಿಂದ ಶುರುಮಾಡಿ ನೆಲ ಕಾಯುವಷ್ಟರಲ್ಲಿ ಅವಳ ತಲೆ ಅವನ ಭುಜಕ್ಕೆ ಬಂತು. ತಲೆಯ ಮೇಲೆ ಚಕ್ರ ಸದ್ದಿಲ್ಲದೆ ತಿರುಗುತ್ತಿತ್ತು. ಅವಳು ಎದ್ದುಬಿಟ್ಟಾಳೆಂಬ ಭಯಕ್ಕೆ ಅವನು ದನಿಯನ್ನಷ್ಟೇ ತಗ್ಗಿಸಿ, ಮಾತು ಮುಂದುವರಿಸಿದ.