ಸರ್ವರಿಗೆ ಬೆವರು, ಲೈನಿಗೆ ಉಬ್ಬಸ

ಎಲ್ಲರಿಂದಲೂ ಬೈಸಿಕೊಳ್ಳುವ ಕೆಲಸ ನನ್ನದು, ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ. ನಾನೂ ಬೈಸಿಕೊಂಡು ಸುಮ್ಮನಿರುವವಳಲ್ಲ.

ನಮ್ಮದು ಮನೆ ನಕ್ಷೆ ಬರೆದುಕೊಡುವ ಕಚೇರಿ. ಬರೆಯುವವರು ರಾಮಕೃಷ್ಣನಗರದಲ್ಲಿ, ಅವರ ಮೇಜಿನ ಮೇಲೆ ಬರೀ ಪರದೆ, ಕೀಬೋರ್ಡ್, ಮೌಸ್. ನಿಜವಾದ ಕೆಲಸವೆಲ್ಲ ಕೃಷ್ಣಮೂರ್ತಿಪುರಂನಲ್ಲಿ, ಸಾಹೇಬರ ಕೋಣೆಯ ಪಕ್ಕದ ಸರ್ವರಿನಲ್ಲಿ. ಅಲ್ಲಿಂದ ಚಿತ್ರ ಮಾತ್ರ ಒಂದು ಬಡಕಲು ಇಂಟರ್ನೆಟ್ ಲೈನಿನಲ್ಲಿ ಇಲ್ಲಿಗೆ ಬರಬೇಕು. ಇಷ್ಟನ್ನೂ ನೋಡಿಕೊಳ್ಳುವವಳು ನಾನೊಬ್ಬಳೇ.

೧. ದೀಪ

ಹಿರಿಯ ನಕ್ಷೆಗಾರರೊಬ್ಬರು ಪರದೆಯ ಮೇಲೆ ಚಾಮುಂಡೇಶ್ವರಿಯ ಚಿತ್ರ ಹಾಕಿಕೊಂಡಿದ್ದರು. ಅಮ್ಮನವರ ಮುಂದೆ ಸದಾ ಅಲುಗುವ ದೀಪ. ಅದು ಅಲುಗಿದಾಗಲೆಲ್ಲ ಸರ್ವರಿನಿಂದ ಹೊಸ ಚಿತ್ರ ಬರಬೇಕು. ಉಳಿದವರ ಗೋಡೆ, ಬಾಗಿಲು ಎಲ್ಲ ಹಿಂದೆ ಕಾಯಬೇಕು. ನಾನು ಆ ಚಿತ್ರವನ್ನೇ ತೆಗೆದುಹಾಕಿದೆ.

“ದೀಪ ಆರಿಸ್ಬುಟ್ರಲ್ಲಮ್ಮ!” ಎಂದು ಕೂಗಾಡಿದರು. ಮರುದಿನ ಬೆಟ್ಟದ ಅಂಗಡಿಯಿಂದ ಪುಟ್ಟ ಪಟ ತಂದು ಪರದೆಯ ಮೂಲೆಗೆ ಅಂಟಿಸಿ, ಎರಡು ಮಲ್ಲಿಗೆ ಸಿಕ್ಕಿಸಿ, “ಇದನ್ನೂ ತೆಗೀರಿ, ನೋಡೋಣ” ಎಂದರು.

೨. ಗಿರಣಿ

ದೊಡ್ಡ ಲೈನು ಹಾಕಿಸಿ ಅಂತ ಸಾಹೇಬರನ್ನು ಮೂರು ಸಲ ಕೇಳಿದ್ದೆ. “ಇರೋದ್ರಲ್ಲೇ ಮಾಡಿ” ಎಂದಿದ್ದರು. ಸರಿ, ಚಿತ್ರವನ್ನು ಚೆನ್ನಾಗಿ ಕುಗ್ಗಿಸಿ ಕಳಿಸುವ ಕೆಲಸವನ್ನು ಸರ್ವರಿಗೆ ವಹಿಸಿದೆ. ಲೈನು ಹಗುರಾಯಿತು, ಸರ್ವರ್ ಬಿಸಿಯಾಗಿ ಅದರ ಫ್ಯಾನು ಅರಚತೊಡಗಿತು. ಹತ್ತೇ ನಿಮಿಷಕ್ಕೆ ಸಾಹೇಬರ ಫೋನು: “ಏನ್ರೀ ಇದು, ಹಿಟ್ಟಿನ ಗಿರಣಿ ಪಕ್ಕ ಕೂತಂಗಿದೆ!”

“ರಜಾಯಿ ಬಿಗಿಯಾಗಿ ಮಡಚಿದ್ರೆ ಸ್ಕೂಟರಲ್ಲೇ ಸಾಗಿಸ್ಬಹುದು ಸಾರ್. ಮಡಚೋರ ಸೊಂಟ ಮಾತ್ರ ಹೋಗುತ್ತೆ.”

“ಸೊಂಟನೂ ಉಳೀಬೇಕು, ಸ್ಕೂಟರೂ ಸಾಕಾಗ್ಬೇಕು.”

“ಹಾಗಾದ್ರೆ ರಜಾಯಿ ನೀವೇ ಹೊದ್ಕೊಂಡು ಮಲಗಿ ಸಾರ್.”

೩. ಐದು

ಕುಗ್ಗಿಸುವುದನ್ನು ನಿಲ್ಲಿಸಿದೆ. ಸರ್ವರ್ ತಣ್ಣಗಾಯಿತು, ಲೈನು ಕಟ್ಟಿಕೊಂಡಿತು. ನಕ್ಷೆ ಬರೆಯುವ ಹೆಂಗಸೊಬ್ಬರು, ಮನೆ ಕಟ್ಟಿಸುವ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಚ್ಚಲುಮನೆ ಇಡಲು ಮೌಸ್ ಒತ್ತಿದರು. ಏನೂ ಮೂಡಲಿಲ್ಲ. ಸ್ವಲ್ಪ ಪಕ್ಕಕ್ಕೆ ಒತ್ತಿದರು. ಇನ್ನೂ ಪಕ್ಕಕ್ಕೆ, ಪಕ್ಕಕ್ಕೆ ಮೂರು ಸಲ ಒತ್ತಿದರು. ಆಮೇಲೆ ಒಮ್ಮೆಗೇ ಐದು ಬಚ್ಚಲು ಸಾಲಾಗಿ ಬಂದು ನಿಂತವು. ಅಳಿಸಲು ಹೋದರೆ ಯಜಮಾನರು ಕೈ ಅಡ್ಡ ಹಿಡಿದರು: “ಇರ್ಲಿ ಬುಡವ್ವ. ನಮ್ಮನೇಲಿ ಬೆಳಗಾದ್ರೆ ಹನ್ನೊಂದು ಜನ ಕಾಯ್ತಾ ನಿಂತಿರ್ತೀವಿ.”

೪. ವೇಗ

ಇದು ಸಾಹೇಬರ ಕಿವಿಗೆ ಬಿದ್ದು ನನ್ನ ಕೆಲಸಕ್ಕೇ ಕುತ್ತು ಬಂತು. ಹೊರಗಿನ ಗುತ್ತಿಗೆದಾರನೊಬ್ಬ, ಅದೇ ಲೈನು, ಅದೇ ಸರ್ವರಿನಲ್ಲಿ ಎಲ್ಲವನ್ನೂ ಓಡಿಸುತ್ತೇನೆ ಎಂದು ಭಾನುವಾರ ಖಾಲಿ ಕಚೇರಿಯಲ್ಲಿ ತೋರಿಸಿ ಅವರನ್ನು ಮೆಚ್ಚಿಸಿದ್ದ.

“ಸೋಮವಾರ ಹನ್ನೊಂದಕ್ಕೆ ತೋರಿಸ್ಲಿ. ಓಡಿದ್ರೆ ನಾನು ಕುರ್ಚಿ ಬಿಡ್ತೀನಿ. ಓಡ್ದಿದ್ರೆ ದೊಡ್ಡ ಲೈನು” ಎಂದೆ.

ಸೋಮವಾರ ಸಾಹೇಬರೇ ಬಂದರು. ಹದಿನಾರು ಜನ ನಕ್ಷೆ ಬರೆಯುತ್ತಿದ್ದರು. ಗುತ್ತಿಗೆದಾರ ಆ ಹಿರಿಯ ನಕ್ಷೆಗಾರರ ಪರದೆಯಲ್ಲಿ ತನ್ನ ಪ್ರದರ್ಶನ ತೆರೆದ. ‘ವೇಗ’ ಎಂಬ ದಪ್ಪ ಅಕ್ಷರಗಳು ಗಿರಕಿ ಹೊಡೆಯುತ್ತಾ ಹಾರಿಬರಬೇಕಿತ್ತು. ‘ವೇ’ ಬಂತು, ತಲೆಕೆಳಗಾಗಿ ನಿಂತಿತು. ‘ಗ’ ಬರಲೇ ಇಲ್ಲ.

“ಎಲ್ರೂ ಎರಡು ನಿಮಿಷ ಕೆಲಸ ನಿಲ್ಸಿ” ಎಂದ ಅವನು.

“ಯಾರೂ ನಿಲ್ಲಿಸ್ಬೇಡಿ! ಎಲ್ಲರೂ ಕೈಕಟ್ಟಿ ಕೂತ್ರೆ ನಂದೂ ಓಡುತ್ತೆ!” ಎಂದೆ.

ಯಾರೂ ನಿಲ್ಲಿಸಲಿಲ್ಲ. ಸಾಹೇಬರು ಮುಖ ಒರೆಸಿಕೊಂಡು, “ದೊಡ್ಡ ಲೈನಿಗೆ ಇವತ್ತೇ ಹೇಳ್ಬಿಡಿ” ಎಂದರು. ಗುತ್ತಿಗೆದಾರ ಮಾತ್ರ ಇನ್ನೂ ಮೌಸ್ ಒತ್ತುತ್ತಲೇ ಇದ್ದ. ಹಿರಿಯರು ಮೂಲೆಯ ಅಮ್ಮನವರ ಪಟ ಕಿತ್ತು, ಆ ತಲೆಕೆಳಗಾದ ‘ವೇ’ ಮೇಲೆಯೇ ಅಂಟಿಸಿದರು.

“ಒತ್ತಿದ್ದು ಸಾಕು, ಕೈ ಮುಗಿಯಪ್ಪ. ಈ ಪರದೇಲಿ ತಕ್ಷಣ ಕಾಣೋ ಚಿತ್ರ ಇದೊಂದೇ.”